ಮಂಕಿ ಕ್ಯಾಪಿನ ಬೇಟೆಗಾರ

“ಟೆಂಟಿನಲ್ಲಿ ಭಯಂಕರ ಚಳಿ, ತಡೆಯುತ್ತೀರಾ?” ಎಂದು ಅಲಾಸ್ಕಾದ ಬೇಟೆ ಏಜೆಂಟ್ ವಿಡಿಯೊ ಕರೆಯಲ್ಲಿ ಕೇಳಿದ. ಸೌದಿಯ ಅಲ್ ಖೋಬರಿನ ನಮ್ಮ ಮನೆಯ ಎ.ಸಿ.ಗೆ ಹೆದರಿ ಮಂಕಿ ಕ್ಯಾಪ್ ಹಾಕಿ ಕುಳಿತಿದ್ದ ನನ್ನ ಗಂಡ, “ನೋ ಪ್ರಾಬ್ಲಂ” ಎಂದರು. ಆಗಲೇ ಬೇಟೆಯ ವೇಷದಲ್ಲಿದ್ದಾರೆಂದು ಏಜೆಂಟನಿಗೆ ಖುಷಿಯೋ ಖುಷಿ.

ಬಿಲ್ಲುಬಾಣದಿಂದ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯನ್ನು ಹೊಡೆಯುವ ಹುಚ್ಚು ಹತ್ತಿದಂದಿನಿಂದ ಇವರಿಗೆ ಬೇರೆ ಮಾತಿಲ್ಲ. ಕೆನಡಾವೋ ಅಲಾಸ್ಕಾವೋ, ಈ ಏಜೆಂಟೋ ಆ ಏಜೆಂಟೋ. ಊರಿಗೆ ಹೋಗಬೇಕಿದ್ದ ರಜೆಯೂ ಅದಕ್ಕೇ ಮೀಸಲು.

ಕರೆ ಮುಗಿಸಿ, “ಅಲಾಸ್ಕಾವೇ ಗಟ್ಟಿ. ಆ ಎ.ಸಿ. ಒಮ್ಮೆ ಆಫ್ ಮಾಡು ಮಾರಾಯ್ತಿ” ಎಂದರು.

ನಾನು ಅದನ್ನು ಹದಿನಾರಕ್ಕೆ ಇಳಿಸಿ ರಿಮೋಟ್ ಅಡಗಿಸಿಟ್ಟೆ. ಈಗ ಕ್ಯಾರಿಬೂವಿನ ಸುದ್ದಿಯೇ ಇಲ್ಲ. ನಿನ್ನೆ ಮೆಲ್ಲಗೆ ಕೇಳಿದರು: “ಊರಲ್ಲಿ ಈಗ ಒಳ್ಳೆ ಸೆಖೆ ಅಲ್ವಾ?”