ಅಟ್ಟದ ಮೇಲಿನ ವೈನು

ನಮ್ಮಪ್ಪ ಬಡಗಿ. ಬೆಲೆಬಾಳುವ ಏನನ್ನೂ ನೆಲದ ಮೇಲಿಡುವವರಲ್ಲ, ಕಾಲು ತಾಗುತ್ತದೆ ಎಂದು. ಗೋವಿಂದನಹಳ್ಳಿಯ ದೇವಸ್ಥಾನ ನೋಡಲು ಬಂದಿದ್ದ ಫ್ರಾನ್ಸಿನ ಗಂಡ ಹೆಂಡತಿ, ಕೆ.ಆರ್. ಪೇಟೆಯ ನಮ್ಮ ಶೆಡ್ಡಿನಲ್ಲಿ ಮರದ ಆನೆ ಮಾಡಿಸಿಕೊಂಡು ಹೋದವರು, ಮರುವರ್ಷ ತಮ್ಮ ತೋಟದ ಕೆಂಪು ವೈನಿನ ಬಾಟಲಿಯೊಂದನ್ನು ಹೊತ್ತು ತಂದರು. ಮೂರು ಜಾತಿಯ ದ್ರಾಕ್ಷಿ ಬೆರೆಸಿದ್ದು, ಇನ್ನೂ ಮಾಗಬೇಕು, ಆಮೇಲೆ ಬಂದು ಎಲ್ಲರೂ ಸೇರಿ ಕುಡಿಯೋಣ ಎಂದರು ಆ ಯಜಮಾನರು. ಅಪ್ಪ ಅದಕ್ಕೆಂದೇ ತೇಗದ ಪೆಟ್ಟಿಗೆ ಮಾಡಿ, ತಗಡಿನ ಸೂರಿನಡಿಯ ಅಟ್ಟದಲ್ಲಿ, ದೇವರ ಪಟದ ಪಕ್ಕ ಇಟ್ಟರು. ಪ್ರತಿ ಆಯುಧಪೂಜೆಗೂ ಉಳಿ, ಗರಗಸದ ಜೊತೆ ಪೆಟ್ಟಿಗೆಗೂ ಕುಂಕುಮ ಬೀಳುತ್ತಿತ್ತು.

ಹೋದ ವರ್ಷ ಆ ಹೆಂಗಸು ಫೋನ್ ಮಾಡಿ, ಒಬ್ಬಳೇ ಬರುತ್ತೇನೆ ಎಂದರು. ಗಂಡ ತೀರಿಕೊಂಡಿದ್ದರು, ತೋಟವನ್ನೂ ಮಾರಿಯಾಗಿತ್ತು. ಗಂಡ ಕೈಯಾರೆ ಬೆರೆಸಿದ ವೈನಿನಲ್ಲಿ ಉಳಿದಿದ್ದು ನಮ್ಮ ಮನೆಯ ಬಾಟಲಿಯೊಂದೇ. ತಂಪು ಕತ್ತಲಲ್ಲಿ ಮಲಗಿಸಿಟ್ಟಿದ್ದೀರಿ ತಾನೇ ಎಂದು ಕೇಳಿದರು. ಬೇಸಿಗೆಯಲ್ಲಿ ನಮ್ಮ ಅಟ್ಟದ ಮೇಲೆ ಹಪ್ಪಳ ಒಣಗಿಸಬಹುದು!

ಅಪ್ಪನಿಗೆ ವಿಷಯ ಹೇಳಿದೆ. ಮುಖ ಸಣ್ಣದಾಯಿತು. "ಗೌರವ ಕೊಡಕ್ಕೋಗಿ ಬೇಯಿಸ್ಬುಟ್ನಲ್ಲ ಮಗ್ಳೇ," ಎಂದರು. ಮುಚ್ಚಳ ಸರಿಸಿ ನೋಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಆಕೆ ಬಂದ ದಿನ ಅಪ್ಪ ಪೆಟ್ಟಿಗೆ ಇಳಿಸಿ ಮುಚ್ಚಳ ಸರಿಸಿದರು. ಒಳಗೆ ಏನೂ ಇರಲಿಲ್ಲ. ಅಷ್ಟು ವರ್ಷ ಪೂಜೆ ಸಂದದ್ದು ಖಾಲಿ ಪೆಟ್ಟಿಗೆಗೆ. ನಾವು ಮಿಕಿಮಿಕಿ ನೋಡುತ್ತಿದ್ದರೆ, ಅವ್ವ ಅಡುಗೆಮನೆಯಿಂದ ಬಾಟಲಿ ಒರೆಸಿಕೊಳ್ಳುತ್ತಾ ಬಂದಳು.

"ದೇವ್ರ ಮಗ್ಗುಲಾಗೆ ಹೆಂಡ ಇಡ್ತಾರಾ? ಅವತ್ತೇ ಇಳ್ಸಿ, ನೀರಿನ ಗುಡಾಣದ ಹಿಂದೆ ತಣ್ಣನೆ ಮರಳಾಗೆ ಒರಗಿಸ್ಬುಟ್ಟೆ."

ನನಗೆ ಹೋದ ಜೀವ ಬಂದಂತಾಯಿತು. ಆದರೂ ಆಕೆ ಬಾಯಿಗಿಡುವ ತನಕ ನಿರಾಳವಿಲ್ಲ. ಲೋಟದ ಅಂಚಿನಲ್ಲಿ ವೈನು ಹಳೇ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಆಕೆ ಗುಟುಕರಿಸಿ ಕಣ್ಣು ಮುಚ್ಚಿಕೊಂಡರು. ಕೆಟ್ಟಿಲ್ಲ, ಗಂಡ ಹೇಳಿದ ಹಾಗೇ ಮಾಗಿದೆ ಎಂದರು. ಒಂದು ದ್ರಾಕ್ಷಿ ಬಿಗುವಿಗೆ, ಒಂದು ಮೆದುವಿಗೆ, ಇನ್ನೊಂದು ಘಮಕ್ಕೆ; ಈಗ ಯಾವುದು ಯಾವುದೆಂದು ತನಗೂ ಬಿಡಿಸಿ ಹೇಳಲಾಗದು ಎಂದು ನಕ್ಕರು. ಅಪ್ಪ ಅಲ್ಲೇ ಉಸ್ಸೆಂದು ಕುಳಿತುಬಿಟ್ಟರು.

ನಾನೂ ಕುಡಿದೆ. ಮೊದಲು ಒಣಗಿದ ನೇರಳೆ, ಹಿಂದೆಯೇ ಹೊಗೆಸೊಪ್ಪು, ಆಮೇಲೆ ಈಗಷ್ಟೇ ಹತ್ತರಿ ಹೊಡೆದು ನಯ ಮಾಡಿದ ಮರದ ವಾಸನೆ. ನುಂಗಿದ ಮೇಲೂ ನಾಲಿಗೆಯಲ್ಲಿ ಸಣ್ಣ ಒಗರು ಉಳಿಯಿತು. ಅಪ್ಪ ಮೂಸಿ ನೋಡಿ, ನಮ್ಮ ಶೆಡ್ಡಿನ ವಾಸನೆಯೇ ಇದೆ ಎಂದು ಖುಷಿಪಟ್ಟರು.

ಅವ್ವ ಮಾತ್ರ ಮುಟ್ಟಲಿಲ್ಲ. ಬಾಟಲಿ ತಳ ಕಾಣುವಾಗ ಎದ್ದು, ಬೆಳ್ಳಿ ಲೋಟ ತಂದು ಕೊನೆಯದನ್ನು ಅದಕ್ಕೆ ಬಗ್ಗಿಸಿಕೊಂಡಳು. ಸೆರಗು ಸಿಕ್ಕಿಸಿಕೊಂಡು ಅಟ್ಟದ ಏಣಿ ಹತ್ತಿದಳು.

ದೇವರ ಪಕ್ಕಕ್ಕಾ ಎಂದು ಅಪ್ಪ ಕೇಳಿದರು.

"ಅವ್ರ ಯಜಮಾನ್ರಿಗೆ ಎಡೆ ಬ್ಯಾಡ್ವಾ?" ಎಂದಳು ಅವ್ವ.

ಅಪ್ಪ ಏಣಿ ಹಿಡಿದುಕೊಂಡು ನಿಂತರು.