ಮಲಪನಗುಡಿಯ ಟಮಾಟಿ

ಮಹಾತ್ಯಾಗಕ್ಕೆ ಮಹತ್ತರವಾದ ಕಾರಣವೇ ಬೇಕೆಂದು ಬಲ್ಲವರು ಹೇಳುತ್ತಾರೆ. ಮಲಪನಗುಡಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದ ರೈತರಿಗೆ ಅದಕ್ಕೆ ಟಮಾಟಿ ಗಿಡವೇ ಸಾಕಾಯಿತು.

ಆ ಕೆಂಪು ಹಣ್ಣನ್ನು ಆಗ ನಮ್ಮ ಅಡಿಗೆಮನೆಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರಿಗಿದ್ದ ಗಿರಾಕಿ ಒಬ್ಬನೇ, ಹೊಸಪೇಟೆಯಲ್ಲಿ ಬಿಳಿ ದೊರೆಗಳ ಬಂಗಲೆಯ ಬಟ್ಲರ್. ಎರಡು ವರ್ಷ ಎಲೆಗಳೆಲ್ಲ ಹಳದಿ ತಿರುಗಿ ಮುದುಡಿ, ಕಾಯಿ ನಿಲ್ಲಲಿಲ್ಲ. ಈ ಸಲವೂ ಹಣ್ಣು ಬರದಿದ್ದರೆ ಬಳ್ಳಾರಿಯಿಂದಲೇ ತರಿಸುವುದಾಗಿ ಬಟ್ಲರ್ ಹೇಳಿಕಳಿಸಿದ್ದ.

"ಟಮಾಟಿ ಬಿಟ್ಟು ಜ್ವಾಳ ಹಾಕ್ರಿ," ಎಂದು ನಾನು ಹೇಳಿದರೆ, "ಬಿಡಂಗಿಲ್ಲ ತಗೋ," ಎನ್ನುತ್ತಿದ್ದರು. ಹೊಗೆಸೊಪ್ಪು ಬಿಡಿರೆಂದು ಹೆಂಡತಿ ಗೋಗರೆದರೂ ಅದೇ ಉತ್ತರ. ಅಂಗೈಯಲ್ಲಿ ಸುಣ್ಣ ಹಚ್ಚಿ ಹೊಗೆಸೊಪ್ಪು ತಿಕ್ಕುತ್ತಲೇ ಸಾಲಿನುದ್ದಕ್ಕೂ ನಡೆದು, ಒಂದೊಂದು ಗಿಡವನ್ನೂ ಮಗುವಿನ ಹಾಗೆ ನೇವರಿಸುತ್ತಿದ್ದರು.

ಮೂರನೆಯ ಸಲ ಸಸಿ ನೆಡುವ ದಿನ ಬೇಸಾಯದ ಇನ್ಸ್‌ಪೆಕ್ಟರು ಬಂದವರು ಇದನ್ನು ಕಂಡರು.

"ರೋಗ ನಿಮ್ಮ ಕೈಯಾಗ ಐತ್ರೀ. ಹೊಗೆಸೊಪ್ಪಿನ ರೋಗ ಟಮಾಟಿಗೂ ಹತ್ತತೈತಿ. ಆ ಕೈಲೆ ಸಸಿ ಮುಟ್ಟಬ್ಯಾಡ್ರಿ."

ನಮ್ಮ ನೆರೆಯ ರೈತರು ಅಂಗೈ ನೋಡಿಕೊಂಡರು. ಆಮೇಲೆ ಸೊಂಟದ ಹೊಗೆಸೊಪ್ಪಿನ ಚಂಚಿ ಬಿಚ್ಚಿ ಹೆಂಡತಿಗೆ ಕೊಟ್ಟು, ಸೀಗೆಪುಡಿ ಹಚ್ಚಿ ಮೊಣಕೈತನಕ ತೊಳೆದರು.

"ಇಪ್ಪತ್ತು ವರ್ಷ ನಾ ಬಡಕೊಂಡೆ, ಕೇಳಲಿಲ್ಲ. ಗಿಡಕ್ಕಾದ್ರ ಬಿಟ್ರೇನು?" ಎಂದರು ಆಕೆ.

"ಗಿಡ ಸಾಯ್ತಾವ. ನೀ ಗಟ್ಟಿ ಅದೀ," ಎಂದು ಹೇಳಿ ಅವರು ಸಸಿ ನೆಡಲು ಕುಳಿತರು.

ಮರಳಿ ಚಂಚಿ ಕೇಳಲಿಲ್ಲ. ಆ ಬೆಳೆಯಲ್ಲಿ ಬಂಗಲೆಗೆ ಒಂಬತ್ತು ಬುಟ್ಟಿ ಹಣ್ಣು ಹೋಯಿತು. ಅವರ ಮನೆಯಲ್ಲಿ ಒಂದನ್ನೂ ಯಾರೂ ತಿನ್ನಲಿಲ್ಲ.