ಟೇಪಿನಲ್ಲಿ ಕೂರಿಸಿದ ಸ್ಪಾಯ್ಲರ್

ಬಿ.ಸಿ.ರೋಡಿನಲ್ಲಿ ಆಗ ನನ್ನದು ಕಾರಿನ ಅಲಂಕಾರ ಸಾಮಾನಿನ ಅಂಗಡಿ. ದುಬೈಯಿಂದ ರಜೆಗೆ ಬಂದವರೊಬ್ಬರು ಹೊಸ ಕಾರಿನ ಡಿಕ್ಕಿಯ ಮೇಲೆ ಅಂದಕ್ಕೆ ರೆಕ್ಕೆಯಂಥ ಸ್ಪಾಯ್ಲರ್ ಹಾಕಿಸಿದರು. "ತೂತು ಮಾತ್ರ ಕೊರೆಯಬೇಡಿ ಮಾರಾಯ್ರೇ, ಟೇಪ್ ಸಾಕು" ಎಂದರು. ಬೋಲ್ಟ್ ಇಲ್ಲದೆ ನಿಲ್ಲುವುದಿಲ್ಲವೆಂದು ಗೊತ್ತಿದ್ದೂ ಅಂಟಿಸಿಕೊಟ್ಟೆ.

ಎಂಟು ದಿನದ ಮೇಲೆ ಒಬ್ಬ ಹೆಂಗಸು ಅದೇ ಸ್ಪಾಯ್ಲರ್ ಹಿಡಿದುಕೊಂಡು ಬಂದರು. ಮೂಡುಬಿದಿರೆ ರಸ್ತೆಯಲ್ಲಿ ಅದು ಕಾರಿನಿಂದ ಹಾರಿ, ಹಿಂದೆ ಸ್ಕೂಟರಿನಲ್ಲಿದ್ದ ಅವರ ಗಂಡನ ಮುಖಕ್ಕೆ ಬಡಿದಿತ್ತು. ಒಂದು ಕಣ್ಣು ಹೋಗಿತ್ತು.

"ಕಾರಿನವರು ನಿಲ್ಲಿಸಲಿಲ್ಲ. ಎಲ್ಲ ಅಂಗಡಿಯಲ್ಲೂ ಕೇಳ್ತಾ ಬಂದೆ. ಇದು ನೀವು ಹಾಕಿದ್ದಾ?"

ಅಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಹೌದಕ್ಕ, ನಾನೇ."

ಅವರು ಬೈಯಲಿಲ್ಲ. "ಹಾಗಾದರೆ ಸ್ಟೇಷನ್ನಿಗೆ ಹೋಗುವ" ಎಂದರು. ಹೋಗಿ, ದೂರಿನಲ್ಲಿ ಕಾರಿನವರ ಹೆಸರಿನ ಜೊತೆ ನನ್ನದನ್ನೂ ಬರೆಸಿದೆ.

ಆಮೇಲೆ ಬೋಲ್ಟ್ ಇಲ್ಲದೆ ಯಾರಿಗೂ ಕೂರಿಸಿಕೊಟ್ಟಿಲ್ಲ. ಗಿರಾಕಿಗಳು ನನಗೆ ತೂತು ಕೊರೆಯುವ ಹುಚ್ಚು ಎಂದುಕೊಂಡು ಪಕ್ಕದ ಅಂಗಡಿಗೆ ಹೋದರು.